ಕರಾವಳಿಯ ಸಂಸ್ಥೆಗೆ ವರ್ಷದ ರಜಾಪಟ್ಟಿ ಸಿದ್ಧಪಡಿಸುವುದು ಹೇಗೆ?

ಮಂಗಳೂರಿನಲ್ಲೋ ಉಡುಪಿಯಲ್ಲೋ ಇಪ್ಪತ್ತು ಮೂವತ್ತು ಜನ ದುಡಿಯುವ ಸಂಸ್ಥೆಯ ಆಡಳಿತ ನೋಡಿಕೊಳ್ಳುವವರಿಗೆ ಡಿಸೆಂಬರ್ ತಿಂಗಳಲ್ಲಿ ಬಂದೊದಗುವ ಕೆಲಸಗಳಲ್ಲಿ ಮುಂದಿನ ವರ್ಷದ ರಜಾಪಟ್ಟಿಯೂ ಒಂದು. ಹೆಚ್ಚಿನ ಕಡೆ ಇದನ್ನು ಹತ್ತು ನಿಮಿಷದ ಕೆಲಸವೆಂದು ಭಾವಿಸಿ, ಬೆಂಗಳೂರಿನ ಪ್ರಧಾನ ಕಚೇರಿಯಿಂದ ಬಂದ ಹಾಳೆಯನ್ನೋ ಸರ್ಕಾರದ ಪಟ್ಟಿಯನ್ನೋ ಹಾಗೆಯೇ ನಕಲು ಮಾಡಿ ಸೂಚನಾ ಫಲಕಕ್ಕೆ ಅಂಟಿಸಿಬಿಡುತ್ತಾರೆ. ಅದರ ಫಲ ಕಾಣಿಸುವುದು ಸೆಪ್ಟೆಂಬರ್‌ನಲ್ಲಿ: ಪಟ್ಟಿಯ ಪ್ರಕಾರ ಕೆಲಸದ ದಿನ, ಆದರೆ ಅರ್ಧಕ್ಕರ್ಧ ಕುರ್ಚಿಗಳು ಖಾಲಿ. ಇಲ್ಲಿನ ಹಬ್ಬಗಳು ಒಂದೇ ಪಂಚಾಂಗವನ್ನು ನೆಚ್ಚಿಕೊಂಡು ನಡೆಯುವುದಿಲ್ಲ. ತುಳುವರ ಸಂಕ್ರಮಣ, ಘಟ್ಟದ ಮೇಲಿನ ಚಾಂದ್ರಮಾನ, ಹಿಜರಿ ತಿಂಗಳು, ಚರ್ಚಿನ ವರ್ಷ ಈ ನಾಲ್ಕೂ ಒಂದೇ ಕಚೇರಿಯೊಳಗೆ ಕೂತಿರುತ್ತವೆ. ಆದ್ದರಿಂದ ಕರಾವಳಿಯಲ್ಲಿ ರಜಾಪಟ್ಟಿ ಮಾಡಲು ಕೂತವರು ದಿನಾಂಕಗಳಿಗಿಂತ ಮೊದಲು ನಿಯಮಗಳನ್ನು ಬರೆದುಕೊಳ್ಳಬೇಕು. ನಿಯಮ ಗಟ್ಟಿಯಿದ್ದರೆ ದಿನಾಂಕ ಹಿಂದೆ ಮುಂದೆ ಸರಿದರೂ ಜಗಳವಾಗುವುದಿಲ್ಲ.

ಕಾನೂನಿನ ಹತ್ತು ದಿನಗಳು

ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಈ ಮೂರು ದೇಶದಾದ್ಯಂತ ರಾಷ್ಟ್ರೀಯ ರಜಾದಿನಗಳೆಂಬುದು ಎಲ್ಲರಿಗೂ ಗೊತ್ತು. ಖಾಸಗಿ ಸಂಸ್ಥೆಗಳಿಗೆ ನಮ್ಮ ರಾಜ್ಯದಲ್ಲಿ 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಅಧಿನಿಯಮವಿದ್ದು, ಅದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಈ ಐದು ದಿನಗಳು ಕಡ್ಡಾಯ; ಅವುಗಳ ಮೇಲೆ ಐದು ಹಬ್ಬದ ರಜೆಗಳನ್ನು ಕೊಡಬೇಕು. ಒಟ್ಟು ಹತ್ತು ದಿನ, ಎಲ್ಲವೂ ಸಂಬಳಸಹಿತ. ವಾರದ ರಜೆ, ಗಳಿಕೆ ರಜೆ ಇವುಗಳ ಲೆಕ್ಕ ಬೇರೆಯೇ. ಅವನ್ನು ಈ ಹತ್ತರೊಳಗೆ ಸೇರಿಸುವಂತಿಲ್ಲ. ಈ ಹತ್ತು ದಿನಗಳಲ್ಲಿ ಯಾವುದಾದರೊಂದು ದಿನ ತುರ್ತು ಕೆಲಸಕ್ಕಾಗಿ ನೌಕರರನ್ನು ಕರೆಸಿದರೆ, ಆ ದಿನಕ್ಕೆ ಇಮ್ಮಡಿ ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಸಂಬಳಸಹಿತವಾದ ಬದಲಿ ರಜೆಯೊಂದನ್ನು ಕೊಡಬೇಕು. ಎರಡರಲ್ಲಿ ಯಾವುದೆಂಬುದನ್ನು ಮೊದಲೇ ಲಿಖಿತವಾಗಿ ತಿಳಿಸಿದರೆ ತಿಂಗಳ ಕೊನೆಗೆ ಸಂಬಳದ ಚೀಟಿ ಹಿಡಿದು ವಾದಿಸುವ ಪ್ರಸಂಗ ತಪ್ಪುತ್ತದೆ.

ಐದು ಹಬ್ಬಗಳು ಯಾವುವು ಎಂಬಲ್ಲಿ ನಿಜವಾದ ಯೋಚನೆ ಬೇಕು. ನನ್ನ ಅಭಿಪ್ರಾಯದಲ್ಲಿ ಕರಾವಳಿಯ ಮಿಶ್ರ ಸಿಬ್ಬಂದಿಯಿರುವ ಸಂಸ್ಥೆಗೆ ಚೌತಿ, ಆಯುಧಪೂಜೆ ಅಥವಾ ವಿಜಯದಶಮಿ, ದೀಪಾವಳಿ, ಈದುಲ್ ಫಿತ್ರ್ ಮತ್ತು ಕ್ರಿಸ್‌ಮಸ್ ಇವು ಐದು ಗಟ್ಟಿ ಕಂಬಗಳು. ಸಾಧ್ಯವಿರುವವರು ಬಕ್ರೀದ್ ಮತ್ತು ಗುಡ್ ಫ್ರೈಡೇಗಳನ್ನು ಸೇರಿಸಿ ಹನ್ನೆರಡು ಮಾಡಬೇಕು. ಹತ್ತು ಎಂಬುದು ಕಾನೂನಿನ ಕನಿಷ್ಠ ಮಿತಿಯೇ ಹೊರತು ಅದಕ್ಕಿಂತ ಹೆಚ್ಚು ಕೊಡಬಾರದೆಂದು ಯಾರೂ ಹೇಳಿಲ್ಲ. ಮುದ್ರಣಾಲಯ, ಗ್ಯಾರೇಜು, ಕಾರ್ಖಾನೆಗಳಲ್ಲಿ ಆಯುಧಪೂಜೆಯ ದಿನ ಯಂತ್ರಗಳನ್ನು ತೊಳೆದು ಹೂವು ಹಾಕಿ ಪೂಜೆ ಮಾಡಲು ಎಲ್ಲರೂ ಬಂದೇ ಬರುತ್ತಾರೆ. ಅಂಥಲ್ಲಿ ರಜೆಯನ್ನು ವಿಜಯದಶಮಿಗೆ ಇಟ್ಟು, ಪೂಜೆಯ ದಿನವನ್ನು ಅರ್ಧ ದಿನದ ಕೆಲಸವೆಂದು ಬರೆಯುವುದು ಹೆಚ್ಚು ಅನುಕೂಲ. ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ ಮೆರವಣಿಗೆ ರಾತ್ರಿಯಿಡೀ ಸಾಗಿ ಮರುದಿನ ಬೆಳಿಗ್ಗೆಯವರೆಗೂ ನಡೆಯುವುದರಿಂದ, ಮಂಗಳೂರಿನೊಳಗಿನ ಸಂಸ್ಥೆಗಳು ವಿಜಯದಶಮಿಯ ಮರುದಿನ ಕೆಲಸದ ಆರಂಭವನ್ನು ಒಂದೆರಡು ಗಂಟೆ ತಡವಾಗಿಟ್ಟುಕೊಂಡರೆ ನಷ್ಟವೇನಿಲ್ಲ.

ಸರ್ಕಾರಿ ಪಟ್ಟಿಯನ್ನು ಓದುವ ಬಗೆ

ರಾಜ್ಯ ಸರ್ಕಾರದ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಪ್ರತಿವರ್ಷ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನೂ ಪರಿಮಿತ ರಜೆಗಳ ಪಟ್ಟಿಯನ್ನೂ ಹೊರಡಿಸುತ್ತದೆ. ಈ ಪಟ್ಟಿ ಸರ್ಕಾರಿ ನೌಕರರಿಗಾಗಿ ಇರುವಂಥದ್ದು. ಖಾಸಗಿ ಸಂಸ್ಥೆ ಅದನ್ನು ಪಾಲಿಸಲೇಬೇಕೆಂದಿಲ್ಲ. ಆದರೂ ಅದನ್ನು ಮುಂದಿಟ್ಟುಕೊಂಡೇ ಕೆಲಸ ಆರಂಭಿಸುವುದು ಒಳ್ಳೆಯದು, ಏಕೆಂದರೆ ಶಾಲೆ, ನೋಂದಣಿ ಕಚೇರಿ, ಪಾಲಿಕೆಯ ಕೌಂಟರುಗಳು ಮುಚ್ಚುವುದು ಅದರ ಪ್ರಕಾರವೇ.

ಪಟ್ಟಿಯನ್ನು ಓದುವಾಗ ಅದರ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಟಿಪ್ಪಣಿಗಳನ್ನು ಬಿಡಬಾರದು. ಭಾನುವಾರದಂದು ಬೀಳುವ ಹಬ್ಬಗಳನ್ನು ಪಟ್ಟಿಯಲ್ಲಿ ನಮೂದಿಸುವುದಿಲ್ಲ ಎಂಬ ಮಾತು ಅಲ್ಲಿಯೇ ಇರುತ್ತದೆ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂದದ್ದರಿಂದ ಪಟ್ಟಿಯಲ್ಲಿ ಯುಗಾದಿಯೇ ಇರಲಿಲ್ಲ. ಗಣರಾಜ್ಯೋತ್ಸವವೂ ಭಾನುವಾರವೇ ಆಗಿತ್ತು. ಅಕ್ಟೋಬರ್ 2ರಂದು ಗಾಂಧಿ ಜಯಂತಿ ಮತ್ತು ವಿಜಯದಶಮಿ ಒಂದೇ ದಿನ ಬಂದು ಎರಡು ರಜೆಗಳು ಒಂದಾದವು. ದೀಪಾವಳಿಯಲ್ಲಿ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ರಜೆಯಿದ್ದು ನಡುವಿನ ದಿನ ಕೆಲಸದ ದಿನವಾಗಿ ಉಳಿಯುವುದೂ ಉಂಟು. 2025ರಲ್ಲಿ ಅಕ್ಟೋಬರ್ 20ರ ಸೋಮವಾರ ಮತ್ತು 22ರ ಬುಧವಾರ ರಜೆ, 21ರ ಮಂಗಳವಾರ ಕಚೇರಿ. ಇಂಥ ನಡುವಿನ ದಿನದಂದು ಎಷ್ಟು ಜನ ಬರುತ್ತಾರೆಂದು ನಿರೀಕ್ಷಿಸುವುದಕ್ಕಿಂತ, ಅದಕ್ಕೆ ಬದಲಾಗಿ ಹಿಂದಿನ ಭಾನುವಾರ ಕೆಲಸ ಮಾಡಲು ಒಪ್ಪಿದರೆ ಮೂರು ದಿನ ಒಟ್ಟಿಗೆ ಬಿಡುವು ಎಂದು ಮೊದಲೇ ಸಿಬ್ಬಂದಿಯ ಮುಂದಿಡಬಹುದು.

ಆದ್ದರಿಂದ ನೀವು ಬರೆದುಕೊಳ್ಳಬೇಕಾದ ಮೊದಲ ನಿಯಮ: ಹಬ್ಬ ವಾರದ ರಜೆಯ ದಿನ ಬಿದ್ದರೆ ಬದಲಿ ರಜೆ ಉಂಟೋ ಇಲ್ಲವೋ? ಸರ್ಕಾರ ಕೊಡುವುದಿಲ್ಲ. ನೀವು ಕೊಡುವುದಾದರೆ ಎಲ್ಲ ಧರ್ಮದ ಹಬ್ಬಗಳಿಗೂ ಒಂದೇ ರೀತಿಯಲ್ಲಿ ಕೊಡಬೇಕು. ಚೌತಿ ಭಾನುವಾರ ಬಂದಾಗ ಸೋಮವಾರ ರಜೆ ಕೊಟ್ಟು, ಕ್ರಿಸ್‌ಮಸ್ ಭಾನುವಾರ ಬಂದಾಗ ಸುಮ್ಮನಿದ್ದರೆ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ತಿಳಿದೇ ಇರುತ್ತದೆ.

ಬ್ಯಾಂಕುಗಳ ವಿಷಯ ಸ್ವಲ್ಪ ಬೇರೆ. 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಡಿ ಸಾರ್ವಜನಿಕ ರಜೆಯೆಂದು ಘೋಷಿತವಾದ ದಿನಗಳಲ್ಲಿ ಬ್ಯಾಂಕುಗಳು ಮುಚ್ಚುತ್ತವೆ. 2015ರ ಸೆಪ್ಟೆಂಬರ್‌ನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳೂ ಅವುಗಳಿಗೆ ರಜೆ. ನೆಫ್ಟ್ ಮತ್ತು ಆರ್‌ಟಿಜಿಎಸ್ ಈಗ ಹಗಲು ರಾತ್ರಿ, ರಜೆಯ ದಿನವೂ ನಡೆಯುವುದರಿಂದ ಸಂಬಳ ಹಾಕಲು ತೊಡಕಿಲ್ಲ. ಚೆಕ್ಕು, ನಗದು, ಡಿಮ್ಯಾಂಡ್ ಡ್ರಾಫ್ಟ್‌ಗಳ ಕೆಲಸವಿರುವವರು ಮಾತ್ರ ಈ ದಿನಗಳನ್ನು ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿಕೊಂಡರೆ ಸಾಕು. ಕೇಂದ್ರ ಸರ್ಕಾರದ ಕಚೇರಿಗಳಿಗೆ ದೆಹಲಿಯ ಹೊರಗೆ ಹದಿನಾಲ್ಕು ಕಡ್ಡಾಯ ರಜೆಗಳಿದ್ದು, ಇನ್ನೂ ಮೂರನ್ನು ಸ್ಥಳೀಯವಾಗಿ ಆರಿಸಿಕೊಳ್ಳುತ್ತಾರೆ. ಹಾಗಾಗಿ ಬಂದರು, ಅಂಚೆ, ಆದಾಯ ತೆರಿಗೆ ಕಚೇರಿಗಳೊಡನೆ ವ್ಯವಹಾರವಿರುವವರು ರಾಜ್ಯದ ಪಟ್ಟಿಯೊಂದನ್ನೇ ನಂಬಬಾರದು. ಕನಕದಾಸ ಜಯಂತಿಗೆ ರಾಜ್ಯದ ಕಚೇರಿಗಳು ಮುಚ್ಚಿರುತ್ತವೆ, ಕೇಂದ್ರದ ಕಚೇರಿ ತೆರೆದಿರುತ್ತದೆ. ಗುರುನಾನಕ್ ಜಯಂತಿಗೆ ಇದರ ತಿರುಗುಮುರುಗು.

ನಾಲ್ಕು ಲೆಕ್ಕಗಳು ಕೂಡುವ ಊರು

ದಿನಾಂಕ ಕೂರಿಸುವ ಕೆಲಸಕ್ಕೆ ಬಂದಾಗ, ಪ್ರತಿ ಹಬ್ಬದ ಎದುರು ಅದು ಯಾವ ಲೆಕ್ಕದ ಹಬ್ಬವೆಂದು ಬರೆಯಿರಿ.

ಇಂಗ್ಲಿಷ್ ತಾರೀಖಿಗೆ ಕಟ್ಟುಬಿದ್ದವು ಸುಲಭ: ಸ್ವಾತಂತ್ರ್ಯ ದಿನ, ರಾಜ್ಯೋತ್ಸವ, ಕ್ರಿಸ್‌ಮಸ್, ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಕನ್ಯಾ ಮರಿಯಮ್ಮ ಜಯಂತಿ). ಸೌರಮಾನದವು ಒಂದು ದಿನ ಅತ್ತಿತ್ತ ಆಗುತ್ತವೆ: ಮಕರ ಸಂಕ್ರಾಂತಿ ಜನವರಿ 14 ಅಥವಾ 15, ಬಿಸು ಪರ್ಬ ಏಪ್ರಿಲ್ 14 ಅಥವಾ 15. ತುಳುನಾಡಿಗೆ ಹೊಸ ವರ್ಷವೆಂದರೆ ಪಗ್ಗು ತಿಂಗಳ ಮೊದಲ ದಿನವಾದ ಬಿಸು; ಘಟ್ಟದ ಮೇಲಿನವರ ಯುಗಾದಿ ಅದಕ್ಕೂ ಮೊದಲು ಬಂದು ಹೋಗಿರುತ್ತದೆ. ಸರ್ಕಾರದ ಸಾರ್ವತ್ರಿಕ ರಜೆ ಚಾಂದ್ರಮಾನ ಯುಗಾದಿಗೆ, ಸೌರಮಾನ ಯುಗಾದಿಗೆ ಅಲ್ಲ. ಆದರೆ ಏಪ್ರಿಲ್ 14 ಅಂಬೇಡ್ಕರ್ ಜಯಂತಿಯ ಸಾರ್ವತ್ರಿಕ ರಜೆಯಾಗಿರುವುದರಿಂದ ಬಿಸು ಅದೇ ದಿನ ಬಂದ ವರ್ಷ ಸಮಸ್ಯೆಯಿಲ್ಲ. 15ಕ್ಕೆ ಸರಿದ ವರ್ಷ ಕಣಿ ನೋಡಿ, ಹಿರಿಯರ ಕಾಲಿಗೆ ಬಿದ್ದು, ಮನೆಯಲ್ಲಿ ಊಟ ಮುಗಿಸಿ ಬರುವವರಿಗೆ ಪಟ್ಟಿಯಲ್ಲೊಂದು ಅವಕಾಶ ಬೇಕು.

ಚಾಂದ್ರಮಾನದ ಹಬ್ಬಗಳಿಗೆ ಒಂದು ಪಂಚಾಂಗ ಸಾಲದು ಎಂಬುದಕ್ಕೆ ಉಡುಪಿಯ ಕೃಷ್ಣಾಷ್ಟಮಿಗಿಂತ ಬೇರೆ ಉದಾಹರಣೆ ಬೇಡ. ಕೃಷ್ಣ ಮಠದಲ್ಲಿ ಸೌರಮಾನದ ಸಿಂಹ ಮಾಸವನ್ನೂ ರೋಹಿಣಿ ನಕ್ಷತ್ರವನ್ನೂ ನೋಡಿ ಅಷ್ಟಮಿ ನಿಶ್ಚಯಿಸುವುದರಿಂದ, 2025ರಲ್ಲಿ ದೇಶದ ಹೆಚ್ಚಿನ ಕಡೆ ಆಗಸ್ಟ್ 16ರಂದು ಜನ್ಮಾಷ್ಟಮಿ ಮುಗಿದಿದ್ದರೂ ಉಡುಪಿಯಲ್ಲಿ ಅದು ನಡೆದದ್ದು ಸೆಪ್ಟೆಂಬರ್ 14ರಂದು. ಮೊಸರು ಕುಡಿಕೆ ಒಡೆಯುವ ವಿಟ್ಲಪಿಂಡಿ ಮರುದಿನ, 15ರ ಸೋಮವಾರ. ರಥಬೀದಿಯ ಸುತ್ತಮುತ್ತ ಅಂಗಡಿ, ಹೋಟೆಲು, ಕಚೇರಿ ಇರುವವರಿಗೆ ಅಷ್ಟಮಿಗಿಂತ ವಿಟ್ಲಪಿಂಡಿಯೇ ಮುಖ್ಯ. ಗುರ್ಜಿಗಳಲ್ಲಿ ಕಟ್ಟಿದ ಮೊಸರು ಕುಡಿಕೆಗಳನ್ನು ಒಡೆಯುವ ಹೊತ್ತಿಗೆ, ಹುಲಿವೇಷಗಳ ತಾಸೆಯ ಸದ್ದಿನ ನಡುವೆ, ಆ ಬೀದಿಯೊಳಗೆ ಸರಕು ತುಂಬಿದ ಟೆಂಪೊ ನುಗ್ಗಿಸುವುದು ಯಾರಿಂದಲೂ ಆಗದ ಕೆಲಸ. ಉಡುಪಿ ನಗರದವರು ಕೃಷ್ಣಾಷ್ಟಮಿಯ ಬದಲಿಗೆ ‘ವಿಟ್ಲಪಿಂಡಿ, ಮಠದ ನಿಶ್ಚಯದಂತೆ’ ಎಂದು ಬರೆದರೆ ಯಾವ ವರ್ಷಕ್ಕೂ ತಿದ್ದುವ ಅಗತ್ಯ ಬೀಳದು. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ಬರುವ, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯವನ್ನೂ ಇದರ ಜೊತೆಗೇ ಗುರುತಿಸಿಕೊಳ್ಳಬೇಕು; 2026ರಲ್ಲಿ ಅದು ಭಾನುವಾರವೇ ಬಿದ್ದಿತು.

ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದಾದ್ದರಿಂದ ಮುಸ್ಲಿಂ ಹಬ್ಬಗಳು ಪ್ರತಿವರ್ಷ ಅಷ್ಟು ದಿನ ಹಿಂದಕ್ಕೆ ಸರಿಯುತ್ತವೆ, ಅದರ ಮೇಲೆ ಚಂದ್ರದರ್ಶನವನ್ನು ಕಾಯಬೇಕು. ಕರಾವಳಿಯ ವಿಶೇಷವೆಂದರೆ ಇಲ್ಲಿ ಈದ್ ಘೋಷಣೆ ಬೆಂಗಳೂರಿಗಿಂತ ಹೆಚ್ಚಾಗಿ ಕೇರಳದ ಕರಾವಳಿಯ ಚಂದ್ರದರ್ಶನದೊಡನೆ ಹೊಂದಿಕೊಂಡು ನಡೆಯುತ್ತದೆ. 2024ರಲ್ಲಿ ಇಲ್ಲಿ ಈದುಲ್ ಫಿತ್ರ್ ಏಪ್ರಿಲ್ 10ರಂದು ನಡೆಯಿತು, ರಾಜ್ಯದ ಉಳಿದೆಡೆ 11ರಂದು. ಬೆಂಗಳೂರಿನ ಪಟ್ಟಿಯನ್ನು ಅಂಟಿಸಿಕೊಂಡ ಕಚೇರಿಯಲ್ಲಿ ಬ್ಯಾರಿ (ಕರಾವಳಿಯ ಮುಸ್ಲಿಂ) ನೌಕರರು ಹಬ್ಬದ ದಿನ ಕೆಲಸಕ್ಕೆ ಬಂದು, ಹಬ್ಬ ಮುಗಿದ ಮರುದಿನ ಮನೆಯಲ್ಲಿ ಕೂರಬೇಕಾಗುತ್ತದೆ. ಸರ್ಕಾರದ ಆದೇಶದಲ್ಲಿಯೂ ನಿಗದಿತ ದಿನ ಹಬ್ಬ ಬಾರದಿದ್ದರೆ ಮುಸ್ಲಿಂ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದೆಂಬ ಅವಕಾಶವಿದೆ. ಪಟ್ಟಿಯಲ್ಲಿ ಈದುಲ್ ಫಿತ್ರ್, ಬಕ್ರೀದ್ ಈ ಎರಡು ಈದ್‌ಗಳ ಎದುರು ಒಂದು ತಾರೀಖಿನ ಬದಲು ಎರಡು ತಾರೀಖುಗಳನ್ನು ಬರೆದು, ‘ಜಿಲ್ಲೆಯ ಖಾಜಿಯವರ ಘೋಷಣೆಯಂತೆ ಇವುಗಳಲ್ಲೊಂದು’ ಎಂದು ಸೇರಿಸಿರಿ. ಈದುಲ್ ಫಿತ್ರ್‌ನ ಘೋಷಣೆ ಹಿಂದಿನ ರಾತ್ರಿ ಹೊರಬೀಳುವುದರಿಂದ, ಆ ರಾತ್ರಿ ಯಾರು ಯಾರಿಗೆ ಫೋನ್ ಮಾಡಿ ತಿಳಿಸಬೇಕು, ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರು ಹಾಕಬೇಕು ಎಂಬುದನ್ನೂ ಗೊತ್ತುಮಾಡಿರಬೇಕು. ಹಿಂದಿನ ದಿನವೇ ಮರುದಿನದ ಸರಬರಾಜಿಗಾಗಿ ಯಾರಿಗೂ ಮಾತು ಕೊಡದಿರುವುದು ಜಾಣತನ.

ಗುಡ್ ಫ್ರೈಡೇ ಮಾರ್ಚ್ 20ರಿಂದ ಏಪ್ರಿಲ್ 23ರ ನಡುವೆ ಎಲ್ಲಿಯೂ ಬರಬಹುದು. ಪ್ರತಿವರ್ಷ ಕ್ಯಾಲೆಂಡರ್ ನೋಡಿಯೇ ಬರೆಯಬೇಕು.

ಈ ನಾಲ್ಕೂ ಲೆಕ್ಕಗಳು ಒಂದೇ ಪಾಕ್ಷಿಕದಲ್ಲಿ ಬಂದು ಕೂಡಿದರೆ ಏನಾಗುತ್ತದೆಂದು ತಿಳಿಯಲು 2025ರ ಸೆಪ್ಟೆಂಬರ್ ಹಾಳೆಯನ್ನು ಒಮ್ಮೆ ತೆರೆದು ನೋಡಬೇಕು. 5ರ ಶುಕ್ರವಾರ ಈದ್ ಮಿಲಾದ್, ಅದೇ ದಿನ ತಿರುವೋಣಂ, 7ರ ಭಾನುವಾರ ನಾರಾಯಣ ಗುರು ಜಯಂತಿ, 8ರ ಸೋಮವಾರ ಮೊಂತಿ ಫೆಸ್ತ್, 14ರಂದು ಉಡುಪಿಯ ಅಷ್ಟಮಿ, 15ರಂದು ವಿಟ್ಲಪಿಂಡಿ. ಇವುಗಳಲ್ಲಿ ಸಾರ್ವತ್ರಿಕ ರಜೆಯಿದ್ದದ್ದು ಈದ್ ಮಿಲಾದ್ ಒಂದಕ್ಕೆ. ಮಂಜೇಶ್ವರ, ಕಾಸರಗೋಡು ಕಡೆಯಿಂದ ದಿನವೂ ರೈಲಿನಲ್ಲಿ ಬಂದುಹೋಗುವ ಮಲಯಾಳಿ ಸಿಬ್ಬಂದಿ, ಬಿಲ್ಲವರು, ಕೊಂಕಣಿ ಕ್ರೈಸ್ತರು, ಬ್ಯಾರಿಗಳು ಎಲ್ಲರೂ ಇರುವ ಕಚೇರಿಯಲ್ಲಿ ಆ ಹನ್ನೊಂದು ದಿನಗಳ ಒಳಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕಾದ ಕೆಲಸ, ಅಂದರೆ ಸಭೆಯನ್ನೋ ತಪಾಸಣೆಯನ್ನೋ ಇಟ್ಟುಕೊಳ್ಳಬಾರದಾಗಿತ್ತು.

ಆಯ್ಕೆಯ ರಜೆಗಳು

ಇಷ್ಟೆಲ್ಲ ಹಬ್ಬಗಳಿಗೆ ಸಂಸ್ಥೆಯನ್ನು ಮುಚ್ಚುತ್ತ ಹೋದರೆ ದುಡಿಯುವುದು ಯಾವಾಗ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರ್ಕಾರವೇ ಕಂಡುಕೊಂಡ ಉಪಾಯ ಪರಿಮಿತ ರಜೆ: ದೊಡ್ಡದೊಂದು ಪಟ್ಟಿಯಿಂದ ನೌಕರ ತನಗೆ ಬೇಕಾದ ಎರಡು ದಿನಗಳನ್ನು ಆರಿಸಿಕೊಳ್ಳಬಹುದು, ಕಚೇರಿ ತೆರೆದೇ ಇರುತ್ತದೆ. ರಾಜ್ಯದ ಆ ಪಟ್ಟಿಯಲ್ಲಿ ಸೌರಮಾನ ಯುಗಾದಿ, ಶ್ರೀಕೃಷ್ಣ ಜನ್ಮಾಷ್ಟಮಿ, ವರಮಹಾಲಕ್ಷ್ಮೀ ವ್ರತ, ಋಗ್ ಮತ್ತು ಯಜುರ್ ಉಪಾಕರ್ಮ, ತಿರುಓಣಂ, ನಾರಾಯಣ ಗುರು ಜಯಂತಿ, ಕನ್ಯಾ ಮರಿಯಮ್ಮ ಜಯಂತಿ, ಶಬೆ ಬರಾತ್, ಹೋಲಿ ಸ್ಯಾಟರ್‌ಡೇ, ಕ್ರಿಸ್‌ಮಸ್ ಈವ್ ಇಂಥವುಗಳು ಬಂದುಹೋಗುತ್ತವೆ. ಕೊಡಗಿಗೆ ಮಾತ್ರ ಅನ್ವಯವಾಗುವ ಕೈಲ್‌ಪೊಳ್ದು, ತುಲಾ ಸಂಕ್ರಮಣ, ಹುತ್ತರಿ ರಜೆಗಳನ್ನೂ ಸರ್ಕಾರ ಬೇರೆಯಾಗಿ ನಮೂದಿಸುತ್ತದೆ. ಒಂದು ರಾಜ್ಯದೊಳಗೇ ಊರಿಗೊಂದು ಪಟ್ಟಿ ಇರಬಹುದೆಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಖಾಸಗಿ ಸಂಸ್ಥೆಯಲ್ಲಿ ಇದನ್ನು ಅಳವಡಿಸುವಾಗ ಎರಡು ದಿನ ಸಾಲದು, ಮೂರು ಕೊಡಿ ಎಂಬುದು ನನ್ನ ಸಲಹೆ. ಮೊಂತಿ ಫೆಸ್ತ್‌ನ ಉದಾಹರಣೆಯನ್ನೇ ನೋಡಿ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ಹೊತ್ತು ಚರ್ಚಿಗೆ ಹೋಗಿ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಪುಡಿ ಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಇಡೀ ಕುಟುಂಬ ಒಟ್ಟಿಗೆ ಕೂತು ಸಸ್ಯಾಹಾರದ ಊಟ ಮಾಡುತ್ತದೆ. ಮುಂಬಯಿಯಿಂದ, ಗಲ್ಫಿನಿಂದ ಬರಲು ಸಾಧ್ಯವಾದವರೆಲ್ಲ ಬಂದಿರುತ್ತಾರೆ. ಅಂಥ ದಿನಕ್ಕೆ ‘ಕ್ಯಾಶುವಲ್ ಲೀವ್ ಹಾಕಿ’ ಎನ್ನುವುದು ಸರಿಯಲ್ಲ. ಅದೇ ಕಾಲದಲ್ಲಿ ಹಿಂದೂ ಮನೆಗಳಲ್ಲಿಯೂ ತೆನೆ ಕಟ್ಟುವ ಕುರಲ್ ಪರ್ಬ, ಹೊಸ ಅಕ್ಕಿಯ ಊಟದ ಪುದ್ವಾರ್ ನಡೆಯುತ್ತವೆ, ಅವಕ್ಕಂತೂ ಯಾವ ಸರ್ಕಾರಿ ಪಟ್ಟಿಯಲ್ಲಿಯೂ ಜಾಗವಿಲ್ಲ.

ಆಯ್ಕೆಯನ್ನು ಜನವರಿ ಮುಗಿಯುವುದರೊಳಗೆ ಬರೆದುಕೊಡಬೇಕು ಎಂದು ಹೇಳಿ, ಒಂದನ್ನು ಮಾತ್ರ ಹದಿನೈದು ದಿನದ ಮುನ್ಸೂಚನೆಯ ಮೇಲೆ ಬದಲಿಸಲು ಬಿಡಿ. ಧರ್ಮ ನೋಡಿ ಹಬ್ಬ ಹಂಚಬೇಡಿ: ಹಿಂದೂ ನೌಕರ ಕ್ರಿಸ್‌ಮಸ್ ಈವ್ ಆರಿಸಿಕೊಂಡರೆ ಕಾರಣ ಕೇಳುವ ಅಗತ್ಯವಿಲ್ಲ, ನೆರೆಮನೆಯವರ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ತಿನ್ನಲು ಹೋಗುತ್ತಿರಬಹುದು.

ಇದಕ್ಕೂ ಹೊರತಾದ ಒಂದು ಬಗೆ ಉಂಟು. ಸಿಬ್ಬಂದಿಯನ್ನು ಕೂರಿಸಿ ಕೇಳಿದರೆ ಮಾತ್ರ ಅದು ಹೊರಬರುತ್ತದೆ. ಇಲ್ಲಿನ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ವಿಭಾಗದ ಹಿರಿಯರೊಬ್ಬರು ಇಂಥ ಸಭೆಯಲ್ಲಿ ಹೇಳಿದ ಮಾತಿದು: “ಬಿಸುವಿಗೆ ರಜೆ ಇಲ್ಲದಿದ್ದರೂ ಅಡ್ಡಿಯಿಲ್ಲ ಮಾರಾಯ್ರೇ, ನಮ್ಮ ಕುಟುಂಬದ ಕೋಲದ ಮರುದಿನ ಮಾತ್ರ ಬರ್ಲಿಕ್ಕೆ ಆಗುವುದಿಲ್ಲ.” ಕುಟುಂಬದ ಮನೆಯಲ್ಲಿ ದೈವಗಳಿಗೆ ನಡೆಸುವ ಕೋಲ ನೇಮಗಳು ರಾತ್ರಿಯಿಡೀ ನಡೆಯುತ್ತವೆ, ಪ್ರತಿ ಕುಟುಂಬಕ್ಕೂ ಅದರದೇ ದಿನ, ಹೆಚ್ಚಿನವು ಕೋಲಗಳ ಕಾಲ ಮುಗಿಯುವ ದಿನವಾದ, ಮೇ ಕೊನೆಯ ಪತ್ತನಾಜೆಯೊಳಗೆ ಮುಗಿಯುತ್ತವೆ. ಇವನ್ನು ಸಂಸ್ಥೆಯ ಪಟ್ಟಿಗೆ ಸೇರಿಸಲಾಗದು. ಆಯ್ಕೆಯ ಮೂರು ದಿನಗಳಲ್ಲೊಂದನ್ನು ‘ಕುಟುಂಬದ ದಿನ’ ಎಂದು ಹೆಸರು ಹೇಳದೆ ಬಿಟ್ಟರೆ ಕೋಲಕ್ಕೂ ಆಯಿತು, ಊರಿನ ಚರ್ಚಿನ ವಾರ್ಷಿಕ ಹಬ್ಬವಾದ ಸಾಂತ್‌ಮಾರಿಗೂ ಆಯಿತು, ಉರೂಸಿಗೂ ಆಯಿತು.

ಪಟ್ಟಿಯಲ್ಲಿ ಇರಲಾಗದ ದಿನಗಳು

ಜೂನ್‌ನಿಂದ ಆಗಸ್ಟ್‌ವರೆಗೆ ಜಿಲ್ಲಾಡಳಿತ ಬೆಳಿಗ್ಗೆಯೋ ಹಿಂದಿನ ರಾತ್ರಿಯೋ ಘೋಷಿಸುವ ಮಳೆ ರಜೆ ಶಾಲೆ ಕಾಲೇಜುಗಳಿಗೆ ಮಾತ್ರ. ಆದರೆ ಶಾಲೆಗೆ ರಜೆಯೆಂದರೆ ಚಿಕ್ಕ ಮಕ್ಕಳ ತಾಯಂದಿರಿಗೆ ಕೆಲಸಕ್ಕೆ ಬರುವುದು ಕಷ್ಟ. ಅವರಿಗೆ ಮನೆಯಿಂದ ಕೆಲಸವೋ ತಡವಾಗಿ ಬರುವ ಅನುಮತಿಯೋ ಇರಲಿ. ಮಲ್ಪೆ, ಮಂಗಳೂರಿನ ಧಕ್ಕೆಯನ್ನು (ಮೀನುಗಾರಿಕೆ ಬಂದರನ್ನು) ನಂಬಿರುವ ಮಂಜುಗಡ್ಡೆ ಕಾರ್ಖಾನೆ, ಸಾಗಣೆ ಸಂಸ್ಥೆಗಳಿಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಕಾಲವೇ ಗಳಿಕೆ ರಜೆ ಮುಗಿಸಿಕೊಳ್ಳಲು ತಕ್ಕ ಸಮಯ.

ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಮತದಾನದ ದಿನ ಮತದಾರರಾದ ನೌಕರರಿಗೆ ಸಂಬಳಸಹಿತ ರಜೆ ಕೊಡಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಕಾಸರಗೋಡಿನ ಮತದಾರರು ಮಂಗಳೂರಿನಲ್ಲಿ ದುಡಿಯುತ್ತಿದ್ದರೆ ಅವರ ಮತದಾನದ ದಿನ ಕೇರಳದ ದಿನವೇ ಹೊರತು ನಮ್ಮದಲ್ಲ.

ಗಣ್ಯರ ನಿಧನಕ್ಕೆ ಸರ್ಕಾರ ಘೋಷಿಸುವ ಶೋಕದ ರಜೆ ಮತ್ತೊಂದು. 2024ರ ಡಿಸೆಂಬರ್ ಒಂದೇ ತಿಂಗಳಲ್ಲಿ ಎಸ್.ಎಂ. ಕೃಷ್ಣ ಅವರ ನಿಧನಕ್ಕೆ 11ರಂದು, ಡಾ. ಮನಮೋಹನ್ ಸಿಂಗ್ ಅವರ ನಿಧನಕ್ಕೆ 27ರಂದು ರಾಜ್ಯದಲ್ಲಿ ರಜೆಯಿತ್ತು. ಇದು ಸರ್ಕಾರಿ ಕಚೇರಿ ಮತ್ತು ಶಾಲೆಗಳಿಗೆ ಸಂಬಂಧಿಸಿದ್ದು. ಖಾಸಗಿಯವರು ತಮ್ಮ ನಿಲುವನ್ನು ಪಟ್ಟಿಯ ಅಡಿಯಲ್ಲಿ ಒಂದು ಸಾಲಿನಲ್ಲಿ ಬರೆದಿಟ್ಟಿರಬೇಕು.

ಸೂಚನೆ ಬರೆಯುವಾಗ

ಪಟ್ಟಿ ಸಿದ್ಧವಾದ ಮೇಲೆ ಅದರ ಕರಡನ್ನು ಒಂದು ವಾರ ಫಲಕದಲ್ಲಿ ಹಾಕಿ, ಆಕ್ಷೇಪಗಳನ್ನು ಕೇಳಿ, ಬಳಿಕ ಅಂತಿಮಗೊಳಿಸಿ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಒಂದು ಪ್ರತಿ ಕಳಿಸಿ, ಸ್ವೀಕೃತಿ ಪಡೆದು ಕಡತದಲ್ಲಿಡಿ. ಕನ್ನಡದಲ್ಲಿ ಬರೆಯಿರಿ, ಒಡಿಶಾ, ಬಿಹಾರಗಳಿಂದ ಬಂದ ಕಾರ್ಮಿಕರಿದ್ದರೆ ಹಿಂದಿಯಲ್ಲಿಯೂ ಒಂದು ಪ್ರತಿ ಇರಲಿ, ಅವರ ಊರಿನ ಛಠ್ ಅಥವಾ ರಥಯಾತ್ರೆ ಆಯ್ಕೆಯ ಪಟ್ಟಿಯಲ್ಲಿ ಇದೆಯೇ ಎಂದೂ ನೋಡಿ.

ಶುಭಾಶಯದ ಸಾಲು ಬರೆಯುವವರು ಒಂದು ಎಚ್ಚರ ವಹಿಸಬೇಕು. ಗುಡ್ ಫ್ರೈಡೇ ಉಪವಾಸ, ಮೌನ, ಶೋಕದ ದಿನ. ಮೊಹರಂ ಕೂಡ ಸಂಭ್ರಮದ ದಿನವಲ್ಲ. ಅವುಗಳಿಗೆ ‘ಹಾರ್ದಿಕ ಶುಭಾಶಯಗಳು’ ಎಂದು ಗುಂಪಿನಲ್ಲಿ ಹಾಕುವ ಬದಲು ‘ಇಂದು ಕಚೇರಿಗೆ ರಜೆ’ ಎಂದರೆ ಸಾಕು. ಶುಕ್ರವಾರದ ಜುಮಾ ನಮಾಜಿಗೆ ಮಧ್ಯಾಹ್ನದ ವಿರಾಮವನ್ನು ಅರ್ಧ ಗಂಟೆ ಹಿಗ್ಗಿಸಿ, ಆ ಅರ್ಧ ಗಂಟೆಯನ್ನು ಸಂಜೆಗೆ ಸೇರಿಸಬಹುದು. ಡಿಸೆಂಬರ್ 24ರ ಮಧ್ಯಾಹ್ನದ ಮೇಲೆ ದೊಡ್ಡ ಕೆಲಸ ಹಾಕಿಕೊಳ್ಳಬೇಡಿ. ನಡುರಾತ್ರಿಯ ಪೂಜೆಗೆ ಹೋಗುವವರು ಬೇಗ ಹೊರಡಬೇಕು, ಉಳಿದವರು ಅಷ್ಟು ಹೊತ್ತಿಗೆ ಕುಸ್ವಾರಿನ ತಟ್ಟೆಯ ಸುತ್ತ ನಿಂತಿರುತ್ತಾರೆ. ಅಂತಿಮ ಪಟ್ಟಿಯ ಒಂದೊಂದು ಪ್ರತಿಯನ್ನು ಸರಕು ಕೊಡುವವರಿಗೂ ಲಾರಿ ಕಚೇರಿಗೂ ಜನವರಿಯ ಮೊದಲ ವಾರದಲ್ಲಿಯೇ ತಲುಪಿಸಿ, ಎರಡು ತಾರೀಖುಗಳಿರುವ ಹಬ್ಬಗಳ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ.